ಜಾಲದ ಹರಿವನ್ನು ಅಳೆಯುವ ಬಗೆ: ಶಾಲಾ ಗಣಕಯಂತ್ರಕ್ಕೆ ಐದು ಆಜ್ಞೆಗಳು

ಪ್ರಸ್ತಾವನೆ

ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ಪದೇ ಪದೇ ಕೇಳಿಬರುವ ಮಾತೆಂದರೆ "ನೆಟ್ ತುಂಬ ನಿಧಾನ" ಎಂಬುದು. ಮಕ್ಕಳ ವಿವರಗಳನ್ನು ಪೋರ್ಟಲ್‌ಗೆ ಏರಿಸಬೇಕಾದ ಕೊನೆಯ ದಿನ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ, ಪಾಠಕ್ಕೆಂದು ಆರಿಸಿಟ್ಟ ವೀಡಿಯೊ ತೋರಿಸುವ ಹೊತ್ತು, ಇಂತಹ ಸಂದರ್ಭಗಳಲ್ಲಿಯೇ ಈ ಮಾತು ಹೆಚ್ಚಾಗಿ ಹೊರಡುತ್ತದೆ. ಆದರೆ ಇದರಿಂದ ಯಾವ ಪ್ರಯೋಜನವೂ ಆಗುವುದಿಲ್ಲ. ಎಷ್ಟು ನಿಧಾನ, ಯಾವಾಗಿನಿಂದ ನಿಧಾನ, ಯಾವುದರಿಂದ ನಿಧಾನ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಸಂಪರ್ಕ ಒದಗಿಸುವವರಿಗೆ ನಾವು ಕೊಡುವ ದೂರಿಗೆ ತೂಕವಿರದು. ಕೊಠಡಿಯೊಳಗೆ ಮಾಡುವ ಆರೋಪಕ್ಕೆ ನ್ಯಾಯವೂ ಇರದು.

ಈ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಲು ಬೇಕಾದ ಸಾಧನಗಳು ಹಣಕೊಟ್ಟು ಕೊಳ್ಳುವಂಥವಲ್ಲ. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ ಶಿಕ್ಷಣವನ್ನು 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ನಡೆಸಿಕೊಂಡು ಬಂದಿತು. 2017ರಿಂದ ಅದೇ ಕೆಲಸವನ್ನು ಕೈಟ್ ಸಂಸ್ಥೆ ಮುಂದುವರಿಸಿದೆ. ನಮ್ಮ ಶಾಲಾ ಗಣಕಯಂತ್ರಗಳಲ್ಲಿರುವ ಕೈಟ್ ಗ್ನೂ/ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯು ಉಬುಂಟುವನ್ನು ಆಧರಿಸಿದ ಸ್ವತಂತ್ರ ತಂತ್ರಾಂಶ. ಆದ್ದರಿಂದ ಜಗತ್ತಿನ ದೊಡ್ಡ ದೊಡ್ಡ ಸರ್ವರ್‌ಗಳನ್ನು ನೋಡಿಕೊಳ್ಳುವವರು ಬಳಸುವ ಸಾಧನಗಳೇ ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರ ಕೈಗೂ ಎಟಕುತ್ತವೆ. ಅವುಗಳಲ್ಲಿ ಐದನ್ನು ಈ ಲೇಖನದಲ್ಲಿ ಪರಿಚಯಿಸಲಾಗಿದೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯಲ್ಲಿ ತರಬೇತಿ ನಡೆಸುತ್ತಿದ್ದೆ. ಸೋಮವಾರ ಬೆಳಗ್ಗೆ ಎಲ್ಲ ಗಣಕಯಂತ್ರಗಳನ್ನು ಚಾಲೂ ಮಾಡಿ ಹತ್ತು ನಿಮಿಷವಾಗಿರಬಹುದು. ಯಾವ ಪುಟವೂ ತೆರೆಯದಾಯಿತು. ನಮಗೆ ನೆರವಾಗಲೆಂದು ಬಂದಿದ್ದ ಹತ್ತನೆಯ ತರಗತಿಯ ಹುಡುಗನೊಬ್ಬ ಮೂಲೆಯ ಯಂತ್ರದ ಮುಂದೆ ಕುಳಿತಿದ್ದ. "ಏನಪ್ಪಾ, ವೀಡಿಯೊ ಹಾಕಿದ್ದೀಯಾ?" ಎಂದು ಎಲ್ಲರ ಎದುರಿಗೇ ಕೇಳಿದೆ. "ಇಲ್ಲ ಸರ್, ನಾನು ಏನೂ ತೆರೆಯಲಿಲ್ಲ" ಎಂದ. ನಾನು ನಂಬಲಿಲ್ಲ. ಅವನನ್ನು ಅಲ್ಲಿಂದ ಎಬ್ಬಿಸಿ ಹೊರಗೆ ಕಳುಹಿಸಿದೆ. ನೆಟ್ ಮಾತ್ರ ಹಾಗೆಯೇ ಇತ್ತು. ಬಳಿಕ ಅದೇ ಯಂತ್ರದಲ್ಲಿ ಒಂದು ಆಜ್ಞೆಯನ್ನು ಕೊಟ್ಟು ನೋಡಿದಾಗ, ತಂತ್ರಾಂಶದ ಅಪ್‌ಡೇಟುಗಳನ್ನು ತಾನಾಗಿಯೇ ಇಳಿಸಿಕೊಳ್ಳುವ ವ್ಯವಸ್ಥೆಯು ಇದ್ದ ಸಂಪರ್ಕವನ್ನೆಲ್ಲ ಬಳಸುತ್ತಿದ್ದುದು ಕಂಡಿತು. ಉಳಿದ ಯಂತ್ರಗಳಲ್ಲಿಯೂ ಅದೇ ನಡೆದಿತ್ತು. ಹುಡುಗ ಹೇಳಿದ್ದು ನಿಜವಾಗಿತ್ತು. ಅವನನ್ನು ಕರೆದು, ಎಬ್ಬಿಸಿದವರ ಎದುರಿಗೇ ತಪ್ಪೊಪ್ಪಿಕೊಂಡೆ. ಅಳೆಯುವುದಕ್ಕೆ ಹಿಡಿದದ್ದು ಎರಡು ನಿಮಿಷ. ಅದನ್ನು ಮೊದಲೇ ಮಾಡಿದ್ದರೆ ಆ ಮಗು ತಲೆ ತಗ್ಗಿಸಬೇಕಾಗಿರಲಿಲ್ಲ.

ಬ್ಯಾಂಡ್‌ವಿಡ್ತ್ ಮತ್ತು ಬಳಕೆ

ಸಾಧನಗಳಿಗೆ ಹೋಗುವ ಮೊದಲು ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ನಮ್ಮ ಕಡೆಯ ಅಡಿಕೆ ತೋಟಗಳಿಗೆ ಸುರಂಗದಿಂದ ನೀರು ಬರುವ ಕ್ರಮ ಎಲ್ಲರಿಗೂ ತಿಳಿದದ್ದು. ಒಂದು ನಿಮಿಷಕ್ಕೆ ಕೊಳವೆಯಲ್ಲಿ ಎಷ್ಟು ನೀರು ಹರಿಯಬಲ್ಲುದು ಎಂಬುದು ಒಂದು ಲೆಕ್ಕ; ಬೆಳಗ್ಗಿನಿಂದ ಸಂಜೆಯ ತನಕ ಒಟ್ಟು ಎಷ್ಟು ನೀರು ತೋಟಕ್ಕೆ ಹೋಯಿತು ಎಂಬುದು ಇನ್ನೊಂದು ಲೆಕ್ಕ. ಮೊದಲನೆಯದು ಬ್ಯಾಂಡ್‌ವಿಡ್ತ್, ಎರಡನೆಯದು ದತ್ತಾಂಶದ ಬಳಕೆ. ನೆಟ್ ನಿಧಾನವೆಂಬ ಸಮಸ್ಯೆ ಮೊದಲನೆಯ ಲೆಕ್ಕಕ್ಕೆ ಸೇರಿದ್ದು. ದಿನದ ಡೇಟಾ ಮಧ್ಯಾಹ್ನಕ್ಕೇ ಮುಗಿಯಿತೆಂಬ ಸಮಸ್ಯೆ ಎರಡನೆಯದಕ್ಕೆ ಸೇರಿದ್ದು. ಎರಡಕ್ಕೂ ಬೇರೆ ಬೇರೆ ಸಾಧನಗಳಿವೆ.

ಇನ್ನೊಂದು ತೊಡಕು ಏಕಮಾನದ್ದು. ಸಂಪರ್ಕ ಒದಗಿಸುವವರು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ; ಕಡತಗಳ ಗಾತ್ರವನ್ನು ನಾವು ಬೈಟ್‌ಗಳಲ್ಲಿ ಓದುತ್ತೇವೆ. ಒಂದು ಬೈಟ್ ಎಂದರೆ ಎಂಟು ಬಿಟ್. ಆದ್ದರಿಂದ 8 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಎಂಟು ಮೆಗಾಬೈಟ್ ಇಳಿಯುವುದಿಲ್ಲ, ಒಂದು ಮೆಗಾಬೈಟ್ ಮಾತ್ರ ಇಳಿಯುತ್ತದೆ. ಈ ಭಾಗಾಕಾರವನ್ನು ಮರೆತು ಬರೆದ ದೂರಿನ ಪತ್ರ ತಿರಸ್ಕಾರಕ್ಕೆ ಗುರಿಯಾಗುತ್ತದೆ.

ಟರ್ಮಿನಲ್ ಬಳಸುವ ಮುನ್ನ

ಕಂಟ್ರೋಲ್, ಆಲ್ಟ್ ಮತ್ತು ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಅಲ್ಲಿ ಮೂರು ಎಚ್ಚರಿಕೆಗಳು ಅಗತ್ಯ.

1. ಕೀಲಿಮಣೆ ಇಂಗ್ಲಿಷಿನಲ್ಲಿರಬೇಕು. ಕನ್ನಡ ಟೈಪು ಮಾಡಿ ಹಾಗೆಯೇ ಬಿಟ್ಟಿದ್ದರೆ ಆಜ್ಞೆಯೂ ಕನ್ನಡದಲ್ಲಿ ಮೂಡಿ, ಅಂಥ ಆಜ್ಞೆಯಿಲ್ಲ ಎಂಬ ಉತ್ತರ ಬರುತ್ತದೆ. ನಮ್ಮ ಶಾಲೆಗಳಲ್ಲಿ ಮೊದಲ ಬಾರಿಯ ಸೋಲಿಗೆ ಬಹುತೇಕ ಇದೇ ಕಾರಣ.

2. ಈ ಲೇಖನದಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಅಕ್ಷರಗಳನ್ನು ಬಿಡಿಸಿ ಹೇಳಿದೆ. ಟೈಪು ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಬೇಕು.

3. ಕೆಲವು ಆಜ್ಞೆಗಳ ಮುಂದೆ ಸುಡೋ (ಎಸ್-ಯು-ಡಿ-ಒ) ಎಂದು ಸೇರಿಸಬೇಕಾಗುತ್ತದೆ. ಆಗ ಗುಪ್ತಪದವನ್ನು ಕೇಳುತ್ತದೆ. ಅದನ್ನು ಬರೆಯುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಗಾಬರಿಯಾಗಬೇಕಿಲ್ಲ. ಹೊಸ ಸಾಧನವನ್ನು ಅಳವಡಿಸುವ ಮೊದಲು ಶಾಲೆಯ ಐಟಿ ಸಂಯೋಜಕರ ಒಪ್ಪಿಗೆ ಪಡೆಯಿರಿ.

ಮೊದಲನೆಯದು: ಐಪಿ

ಇದನ್ನು ಅಳವಡಿಸುವ ಅಗತ್ಯವಿಲ್ಲ, ವ್ಯವಸ್ಥೆಯಲ್ಲಿಯೇ ಇದೆ. ಐಪಿ (ಐ-ಪಿ) ಎಂದು ಬರೆದು, ಒಂದು ತೆರಪು ಬಿಟ್ಟು, ಅಡ್ಡಗೆರೆ ಮತ್ತು ಎಸ್, ಮತ್ತೆ ತೆರಪು ಬಿಟ್ಟು ಲಿಂಕ್ (ಎಲ್-ಐ-ಎನ್-ಕೆ) ಎಂದು ಬರೆದು ಎಂಟರ್ ಒತ್ತಬೇಕು. ಯಂತ್ರದಲ್ಲಿರುವ ಪ್ರತಿಯೊಂದು ಸಂಪರ್ಕದ್ವಾರದ ಹೆಸರೂ ಅದರ ಕೆಳಗೆ ಒಳಬಂದ ಮತ್ತು ಹೊರಹೋದ ಬೈಟ್‌ಗಳ ಸಂಖ್ಯೆಯೂ ಕಾಣುತ್ತದೆ. ಆರ್‌ಎಕ್ಸ್ ಎಂದರೆ ಒಳಬಂದದ್ದು, ಟಿಎಕ್ಸ್ ಎಂದರೆ ಹೊರಹೋದದ್ದು. ಸಾಮಾನ್ಯವಾಗಿ ಇ-ಎನ್ ಎಂದು ಮೊದಲಾಗುವ ಹೆಸರು ತಂತಿಯ ಸಂಪರ್ಕ. ಡಬ್ಲ್ಯು-ಎಲ್ ಎಂದು ಮೊದಲಾಗುವುದು ವೈಫೈ. ಎಲ್-ಒ ಎಂಬುದು ಯಂತ್ರ ತನ್ನೊಡನೆ ತಾನೇ ಮಾತಾಡುವ ದ್ವಾರ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಈ ಸಂಖ್ಯೆಯನ್ನು ಮನೆಯ ವಿದ್ಯುತ್ ಮೀಟರಿನಂತೆ ಓದಬೇಕು. ಒಂದು ಓದಿನಿಂದ ಏನೂ ತಿಳಿಯದು. ಎರಡು ಓದುಗಳ ವ್ಯತ್ಯಾಸದಲ್ಲಿ ಅರ್ಥವಿದೆ. ಉದಾಹರಣೆಗೆ, 10 ಗಂಟೆಗೆ ಒಳಬಂದದ್ದು 48,20,00,000 ಬೈಟ್, 10 ಗಂಟೆ 5 ನಿಮಿಷಕ್ಕೆ 60,20,00,000 ಬೈಟ್ ಎಂದಿರಲಿ. ವ್ಯತ್ಯಾಸ 12 ಕೋಟಿ ಬೈಟ್, ಅಂದರೆ 120 ಮೆಗಾಬೈಟ್. ಅದನ್ನು 300 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 0.4 ಮೆಗಾಬೈಟ್, ಎಂಟರಿಂದ ಗುಣಿಸಿದರೆ 3.2 ಎಂಬಿಪಿಎಸ್. ಮೀಟರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಈ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ.

ವಿಂಡೋಸ್ ಇರುವ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನೆಟ್‌ಸ್ಟ್ಯಾಟ್ (ಎನ್-ಇ-ಟಿ-ಎಸ್-ಟಿ-ಎ-ಟಿ), ತೆರಪು, ಅಡ್ಡಗೆರೆ ಇ ಎಂದು ಬರೆದರೆ ಇದೇ ಬಗೆಯ ಮೊತ್ತ ದೊರೆಯುತ್ತದೆ.

ಎರಡನೆಯದು: ಎನ್‌ಲೋಡ್

ಎರಡು ಓದುಗಳನ್ನು ಕಳೆಯುವ ಕೆಲಸವನ್ನು ಯಂತ್ರವೇ ಕ್ಷಣಕ್ಷಣಕ್ಕೂ ಮಾಡಿ ನಕ್ಷೆಯಾಗಿ ತೋರಿಸಬೇಕೆಂದರೆ ಎನ್‌ಲೋಡ್ (ಎನ್-ಎಲ್-ಒ-ಎ-ಡಿ) ಇದೆ. ಪರದೆಯ ಮೇಲರ್ಧದಲ್ಲಿ ಒಳಬರುವ ಹರಿವು, ಕೆಳಗಿನರ್ಧದಲ್ಲಿ ಹೊರಹೋಗುವ ಹರಿವು ಕಾಣುತ್ತದೆ. ಪಕ್ಕದಲ್ಲಿ ಈ ಕ್ಷಣದ ವೇಗ, ಸರಾಸರಿ, ಕನಿಷ್ಠ, ಗರಿಷ್ಠ ಮತ್ತು ಒಟ್ಟು ಎಂಬ ಐದು ಅಂಕಿಗಳಿರುತ್ತವೆ. ಬಾಣದ ಕೀಲಿಗಳಿಂದ ಒಂದು ದ್ವಾರದಿಂದ ಇನ್ನೊಂದಕ್ಕೆ ಹೋಗಬಹುದು. ಕ್ಯು ಒತ್ತಿದರೆ ಹೊರಬರಬಹುದು. ವೇಗವನ್ನು ಇದು ಬಿಟ್‌ಗಳಲ್ಲಿ ತೋರಿಸುವುದರಿಂದ ಸಂಪರ್ಕದಾರರು ಹೇಳಿದ ಅಂಕಿಯೊಡನೆ ನೇರವಾಗಿ ಹೋಲಿಸಬಹುದು.

ಮೂರನೆಯದು: ನೆಟ್‌ಹಾಗ್ಸ್

ಮೇಲೆ ಹೇಳಿದ ಹುಡುಗನ ನಿರಪರಾಧವನ್ನು ತೋರಿಸಿಕೊಟ್ಟದ್ದು ಇದೇ ಸಾಧನ. ಸುಡೋ ಎಂದು ಬರೆದು, ತೆರಪು ಬಿಟ್ಟು ನೆಟ್‌ಹಾಗ್ಸ್ (ಎನ್-ಇ-ಟಿ-ಎಚ್-ಒ-ಜಿ-ಎಸ್) ಎಂದು ಬರೆಯಬೇಕು. ಹರಿವನ್ನು ಇದು ಕ್ರಮವಿಧಿಗಳ ಪ್ರಕಾರ ಹಂಚಿ ತೋರಿಸುತ್ತದೆ. ಪ್ರತಿ ಸಾಲಿನಲ್ಲಿಯೂ ಆ ಕ್ರಮವಿಧಿ ಯಾವ ಬಳಕೆದಾರನ ಹೆಸರಿನಲ್ಲಿ ನಡೆಯುತ್ತಿದೆ, ಅದರ ಹೆಸರೇನು, ಎಷ್ಟು ಕಳುಹಿಸುತ್ತಿದೆ, ಎಷ್ಟು ಪಡೆಯುತ್ತಿದೆ ಎಂಬ ವಿವರಗಳಿರುತ್ತವೆ. ಇಲ್ಲಿ ಅಂಕಿಗಳು ಸೆಕೆಂಡಿಗೆ ಕಿಲೋಬೈಟ್‌ಗಳಲ್ಲಿರುತ್ತವೆ. ಎಂಟರಿಂದ ಗುಣಿಸಲು ಮರೆಯಬಾರದು. ಎಂ ಒತ್ತಿದರೆ ಏಕಮಾನ ಬದಲಾಗುತ್ತದೆ. ಫೈರ್‌ಫಾಕ್ಸ್ ಎಂದಿದ್ದರೆ ಬ್ರೌಸರ್ ಬಳಕೆಯಲ್ಲಿದೆ ಎಂದರ್ಥ. ಎ-ಪಿ-ಟಿ ಅಥವಾ ಸ್ನ್ಯಾಪ್‌ಡಿ (ಎಸ್-ಎನ್-ಎ-ಪಿ-ಡಿ) ಎಂಬ ಅಕ್ಷರಗಳು ಕಂಡರೆ ವ್ಯವಸ್ಥೆಯೇ ತನ್ನ ತಂತ್ರಾಂಶಗಳನ್ನು ಇಳಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು.

ನಾಲ್ಕನೆಯದು: ಇಫ್‌ಟಾಪ್

ಯಾವ ಕ್ರಮವಿಧಿ ಎಂಬುದನ್ನು ನೆಟ್‌ಹಾಗ್ಸ್ ಹೇಳಿದರೆ, ಯಾವ ವಿಳಾಸದೊಡನೆ ವ್ಯವಹಾರ ನಡೆದಿದೆ ಎಂಬುದನ್ನು ಇಫ್‌ಟಾಪ್ (ಐ-ಎಫ್-ಟಿ-ಒ-ಪಿ) ಹೇಳುತ್ತದೆ. ಇದಕ್ಕೂ ಸುಡೋ ಬೇಕು. ಪ್ರತಿ ಸಾಲಿನ ಕೊನೆಗೆ ಮೂರು ಅಂಕಿಗಳಿರುತ್ತವೆ: ಕಳೆದ 2 ಸೆಕೆಂಡು, 10 ಸೆಕೆಂಡು ಮತ್ತು 40 ಸೆಕೆಂಡುಗಳ ಸರಾಸರಿ. ಕ್ಷಣಿಕವಾದ ಏರಿಕೆಗೂ ನಿರಂತರವಾದ ಹರಿವಿಗೂ ಇರುವ ವ್ಯತ್ಯಾಸ ಇದರಿಂದ ತಿಳಿಯುತ್ತದೆ. ಮೊದಲನೆಯದು ದೊಡ್ಡದಾಗಿದ್ದು ಮೂರನೆಯದು ಚಿಕ್ಕದಾಗಿದ್ದರೆ ಒಂದು ಪುಟ ಈಗತಾನೇ ತೆರೆದಿದೆಯಷ್ಟೆ. ಮೂರೂ ಒಂದೇ ಮಟ್ಟದಲ್ಲಿದ್ದರೆ ದೊಡ್ಡದೇನೋ ಇಳಿಯುತ್ತಿದೆ. ಆದರೆ ಇಲ್ಲಿ ಕಾಣುವ ವಿಳಾಸಗಳು ಅನೇಕ ವೇಳೆ ನಾವು ತೆರೆದ ಜಾಲತಾಣದ ಹೆಸರಾಗಿರುವುದಿಲ್ಲ. ಮಧ್ಯದ ಸರ್ವರ್‌ಗಳ ಹೆಸರಾಗಿರುತ್ತದೆ. ಹೆಸರನ್ನು ನೋಡಿ ಊಹೆಗೆ ಇಳಿಯುವುದು ಸಲ್ಲದು.

ಐದನೆಯದು: ವಿಎನ್‌ಸ್ಟ್ಯಾಟ್

ಮೇಲಿನ ನಾಲ್ಕೂ ಈ ಹೊತ್ತಿನ ಸಂಗತಿಯನ್ನು ಹೇಳುತ್ತವೆ. ನಿನ್ನೆ ಏನಾಯಿತು, ಕಳೆದ ತಿಂಗಳು ಎಷ್ಟು ಬಳಸಿದೆವು ಎಂದು ಕೇಳಿದರೆ ಅವುಗಳಲ್ಲಿ ಉತ್ತರವಿಲ್ಲ. ವಿಎನ್‌ಸ್ಟ್ಯಾಟ್ (ವಿ-ಎನ್-ಎಸ್-ಟಿ-ಎ-ಟಿ) ಹಿನ್ನೆಲೆಯಲ್ಲಿ ಸದ್ದಿಲ್ಲದೆ ಕುಳಿತು, ವ್ಯವಸ್ಥೆಯ ಗರ್ಭದಲ್ಲಿ ಈಗಾಗಲೇ ಇರುವ ಆ ಮೀಟರನ್ನೇ ಆಗಾಗ ಓದಿ ತನ್ನ ಕಡತದಲ್ಲಿ ಬರೆದಿಡುತ್ತದೆ. ಹಾದುಹೋಗುವ ಮಾಹಿತಿಯನ್ನು ಅದು ಬಿಚ್ಚಿ ನೋಡುವುದಿಲ್ಲವಾದ್ದರಿಂದ ಯಂತ್ರಕ್ಕೆ ಹೊರೆಯೂ ಆಗುವುದಿಲ್ಲ. ಯಂತ್ರ ಆರಿಸಿದರೂ ಬರೆದಿಟ್ಟ ಲೆಕ್ಕ ಉಳಿಯುತ್ತದೆ. ಹೆಸರಿನ ಮುಂದೆ ಅಡ್ಡಗೆರೆ ಎಚ್ ಸೇರಿಸಿದರೆ ಗಂಟೆಗಳ ಪ್ರಕಾರ, ಡಿ ಸೇರಿಸಿದರೆ ದಿನಗಳ ಪ್ರಕಾರ, ಎಂ ಸೇರಿಸಿದರೆ ತಿಂಗಳುಗಳ ಪ್ರಕಾರ ಕೋಷ್ಟಕ ಬರುತ್ತದೆ. ಒಂದು ಮಾತು: ಅಳವಡಿಸಿದ ದಿನದಿಂದ ಮುಂದಿನದ್ದನ್ನು ಮಾತ್ರ ಇದು ಬಲ್ಲುದು. ಆದ್ದರಿಂದ ಸಮಸ್ಯೆ ಬರುವ ಮೊದಲೇ ಅಳವಡಿಸಿಡುವುದು ವಿವೇಕ.

ಸೋಮವಾರದ ಲೆಕ್ಕ

ಆ ಸೋಮವಾರ ನಡೆದದ್ದು ಆಕಸ್ಮಿಕವಲ್ಲ. ಉಬುಂಟು ದಿನಕ್ಕೆ ಎರಡು ಬಾರಿ ಹೊಸ ಅಪ್‌ಡೇಟು ಇದೆಯೇ ಎಂದು ವಿಚಾರಿಸುವಂತೆ ಸಿದ್ಧಪಡಿಸಲ್ಪಟ್ಟಿದೆ. ಆ ಹೊತ್ತಿನಲ್ಲಿ ಯಂತ್ರ ಆರಿದ್ದರೆ, ಮತ್ತೆ ಚಾಲೂ ಮಾಡಿದಾಗ ಬಾಕಿ ಉಳಿದ ಕೆಲಸವನ್ನು ಮಾಡಲು ಮುಂದಾಗುತ್ತದೆ. ಶನಿವಾರ ಮತ್ತು ಭಾನುವಾರ ಮುಚ್ಚಿದ್ದ ಕೊಠಡಿಯ ಎಲ್ಲ ಯಂತ್ರಗಳೂ ಸೋಮವಾರ ಬೆಳಗ್ಗೆ ಒಟ್ಟಿಗೆ ಎಚ್ಚೆತ್ತಾಗ ಎಲ್ಲವೂ ಅದೇ ಕಡತಗಳಿಗಾಗಿ ಕೈಚಾಚುತ್ತವೆ. ಒಂದು ಯಂತ್ರಕ್ಕೆ 300 ಮೆಗಾಬೈಟ್ ಬೇಕು, ಯಂತ್ರಗಳು 15 ಇವೆ ಎಂದುಕೊಂಡರೆ ಒಟ್ಟು 4,500 ಮೆಗಾಬೈಟ್. 8 ಎಂಬಿಪಿಎಸ್ ಸಂಪರ್ಕದಲ್ಲಿ ಅದಕ್ಕೆ 4,500 ಸೆಕೆಂಡು, ಅಂದರೆ 75 ನಿಮಿಷ ಬೇಕು. ಬೆಳಗ್ಗಿನ ಎರಡು ಅವಧಿಗಳು ಅದರಲ್ಲಿಯೇ ಮುಗಿಯುತ್ತವೆ.

ಹಾಗೆಂದು ಅಪ್‌ಡೇಟುಗಳನ್ನು ಶಾಶ್ವತವಾಗಿ ನಿಲ್ಲಿಸುವುದು ತಪ್ಪು. ಸುರಕ್ಷತೆಯ ದೋಷಗಳನ್ನು ಮುಚ್ಚುವುದು ಅವುಗಳಿಂದಲೇ. ಮಾಡಬೇಕಾದದ್ದು ಹೊತ್ತನ್ನು ಹಂಚುವ ಕೆಲಸ. ತರಗತಿಯಿಲ್ಲದ ಅವಧಿಯಲ್ಲಿ ನಾಲ್ಕೈದು ಯಂತ್ರಗಳನ್ನಷ್ಟೇ ಚಾಲೂ ಮಾಡಿ, ನೆಟ್‌ಹಾಗ್ಸ್ ನೋಡುತ್ತ, ಇಳಿಕೆ ಮುಗಿದ ಮೇಲೆ ಮುಂದಿನ ನಾಲ್ಕೈದನ್ನು ಚಾಲೂ ಮಾಡುವುದು ಎಲ್ಲಕ್ಕಿಂತ ಸರಳವಾದ ಕ್ರಮ.

ಮೊಬೈಲ್ ಹಾಟ್‌ಸ್ಪಾಟ್ ಬಳಸುವಾಗ

ಗುಡ್ಡಗಾಡಿನ ಶಾಲೆಗಳಲ್ಲಿ ಮಳೆಗಾಲದಲ್ಲಿ ತಂತಿಯ ಸಂಪರ್ಕ ಕಡಿದರೆ ಅಧ್ಯಾಪಕರ ಮೊಬೈಲೇ ಗತಿ. ಆಗ ದಿನದ ಡೇಟಾ ಅಧ್ಯಾಪಕರ ಕೈಯಿಂದಲೇ ಹೋಗುತ್ತದೆ. ವೈಫೈ ಸಂಪರ್ಕದ ಸೆಟ್ಟಿಂಗ್ಸ್‌ನಲ್ಲಿ ಇದು ಮಿತಿಯುಳ್ಳ ಸಂಪರ್ಕ ಎಂದು ಗುರುತು ಹಾಕುವ ಅವಕಾಶವಿದೆ; ಹಾಗೆ ಮಾಡಿದರೆ ತಾನಾಗಿ ನಡೆಯುವ ಇಳಿಕೆಗಳು ಬಹುಮಟ್ಟಿಗೆ ಹಿಂದೆ ಸರಿಯುತ್ತವೆ. ದಿನದ ಕೊನೆಗೆ ವಿಎನ್‌ಸ್ಟ್ಯಾಟ್ ನೋಡಿ ಬಳಕೆಯನ್ನು ಬರೆದಿಟ್ಟುಕೊಳ್ಳಬಹುದು. ಇಲ್ಲಿ ಇನ್ನೊಂದು ಏಕಮಾನದ ಸೂಕ್ಷ್ಮವಿದೆ: ವಿಎನ್‌ಸ್ಟ್ಯಾಟ್ ತೋರಿಸುವ ಗಿಬಿಬೈಟ್ 1024ರ ಗುಣಾಕಾರದಿಂದ ಬಂದದ್ದು, 1000ದ ಗುಣಾಕಾರದಿಂದ ಎಣಿಸುವ ಗಿಗಾಬೈಟಿಗಿಂತ ಸುಮಾರು ಶೇಕಡ 7ರಷ್ಟು ದೊಡ್ಡದು. ಹಾಗೆ ಎಣಿಸುವಲ್ಲಿ ಪರದೆಯ ಮೇಲೆ 1.4 ಎಂದು ಕಂಡಾಗಲೇ 1.5 ಗಿಗಾಬೈಟ್ ಮುಗಿದಿರುತ್ತದೆ.

ಈ ಸಾಧನಗಳು ಹೇಳದಿರುವುದು

ಸಾಧನದ ಮಿತಿಯನ್ನು ತಿಳಿಯದೆ ಬಳಸಿದರೆ ಅಳೆಯದೆ ಇದ್ದುದಕ್ಕಿಂತ ಹೆಚ್ಚಿನ ಅನ್ಯಾಯವಾದೀತು.

ಮೊದಲನೆಯದಾಗಿ, ಇವು ಅಳೆಯುವುದು ತಾವು ಇರುವ ಯಂತ್ರದ ಹರಿವನ್ನು ಮಾತ್ರ. ಅಧ್ಯಾಪಕರ ಮೇಜಿನ ಯಂತ್ರದಲ್ಲಿ ಕುಳಿತು ಮೂಲೆಯ ಯಂತ್ರದ ಬಳಕೆಯನ್ನು ಕಾಣಲಾಗದು. ಮಧ್ಯದ ಸ್ವಿಚ್ಚು ಒಬ್ಬರ ಪೊಟ್ಟಣವನ್ನು ಇನ್ನೊಬ್ಬರಿಗೆ ತಲುಪಿಸುವುದಿಲ್ಲ. ಇಡೀ ಶಾಲೆಯ ಮೊತ್ತ ಬೇಕಿದ್ದರೆ ಎಲ್ಲರ ಹರಿವೂ ಹಾದುಹೋಗುವ ರೂಟರಿನಲ್ಲಿ ನೋಡಬೇಕು, ಇಲ್ಲವೇ ಪ್ರತಿ ಯಂತ್ರದ ಲೆಕ್ಕ ತೆಗೆದು ಕೂಡಿಸಬೇಕು.

ಎರಡನೆಯದಾಗಿ, ನಮ್ಮ ಯಂತ್ರದಲ್ಲಿ ಹರಿವು ಕಡಿಮೆ ಎಂದರೆ ಸಂಪರ್ಕ ಕೆಟ್ಟಿದೆ ಎಂದಲ್ಲ. ಯಾರೂ ಏನನ್ನೂ ಕೇಳದಿದ್ದರೆ ಕೊಳವೆ ಖಾಲಿಯಾಗಿಯೇ ಇರುತ್ತದೆ. ದೊಡ್ಡ ಕಡತವೊಂದನ್ನು ಇಳಿಸುತ್ತಿರುವಾಗ ಎನ್‌ಲೋಡ್ ತೋರಿಸುವ ಗರಿಷ್ಠ ಅಂಕಿಯೇ ಕೊಳವೆಯ ಅಗಲಕ್ಕೆ ಹತ್ತಿರವಾದ ಅಳತೆ.

ಮೂರನೆಯದಾಗಿ, ಅಂಕಿಯಿಂದ ಉದ್ದೇಶ ತಿಳಿಯದು. ಫೈರ್‌ಫಾಕ್ಸ್ ಹೆಚ್ಚು ಪಡೆಯುತ್ತಿದೆ ಎಂದರೆ ವಿದ್ಯಾರ್ಥಿ ಪಾಠ ಬಿಟ್ಟು ಬೇರೇನನ್ನೋ ನೋಡುತ್ತಿದ್ದಾನೆ ಎಂದಾಗುವುದಿಲ್ಲ. ನಾವೇ ಸೂಚಿಸಿದ ಪಾಠದ ವೀಡಿಯೊ ಆಗಿರಬಹುದು. ಈ ಸಾಧನಗಳು ಮಕ್ಕಳ ಮೇಲೆ ಕಣ್ಣಿಡುವುದಕ್ಕಲ್ಲ, ಕೊಠಡಿಯ ವ್ಯವಸ್ಥೆಯನ್ನು ಸರಿಪಡಿಸುವುದಕ್ಕೆ.

ದೂರು ಬರೆಯುವ ಮುನ್ನ

ಒಂದು ವಾರ, ದಿನಕ್ಕೆ ಮೂರು ಬಾರಿ ಈ ಕೆಳಗಿನಂತೆ ದಾಖಲಿಸಿ.

1. ಉಳಿದ ಯಂತ್ರಗಳನ್ನು ಆರಿಸಿ, ಒಂದನ್ನು ಮಾತ್ರ ತಂತಿಯ ಮೂಲಕ ಜೋಡಿಸಿ.
2. ನೆಟ್‌ಹಾಗ್ಸ್ ನೋಡಿ, ಹಿನ್ನೆಲೆಯ ಇಳಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ.
3. ದೊಡ್ಡ ಕಡತವೊಂದನ್ನು ಇಳಿಸಲು ತೊಡಗಿ, ಎನ್‌ಲೋಡಿನ ಸರಾಸರಿ ಮತ್ತು ಗರಿಷ್ಠ ಅಂಕಿಗಳನ್ನು ಬರೆದುಕೊಳ್ಳಿ.
4. ದಿನಾಂಕ, ಸಮಯ, ಒಪ್ಪಂದದ ವೇಗ, ಅಳೆದ ವೇಗ, ಅಳೆದವರ ಸಹಿ ಎಂಬ ಐದು ಅಂಕಣಗಳಲ್ಲಿ ನಮೂದಿಸಿ.

ಗಡಿನಾಡಿನ ಕನ್ನಡ ಶಾಲೆಯ ಪತ್ರ ಬೇರೊಂದು ಭಾಷೆಯ ಕಚೇರಿಯ ಮೇಜಿಗೆ ಹೋಗುತ್ತದೆ. ಅಲ್ಲಿ ನಮ್ಮ ವಾಕ್ಯಗಳನ್ನು ಓದುವವರು ಇರಬಹುದು, ಇಲ್ಲದಿರಬಹುದು. ಇಪ್ಪತ್ತೊಂದು ಸಾಲುಗಳ ಕೋಷ್ಟಕವನ್ನು ಮಾತ್ರ ಯಾವ ಭಾಷೆಯವರಾದರೂ ಓದಬಲ್ಲರು. ಅದಕ್ಕೆ ಉತ್ತರ ಕೊಡದೆ ಇರುವುದು ಕಷ್ಟ.

ತರಗತಿಯಲ್ಲಿ

ಇದೇ ದಾಖಲೆಯನ್ನು ಪ್ರೌಢಶಾಲಾ ಮಕ್ಕಳಿಂದ ಮಾಡಿಸಬಹುದು. ಒಂದು ಗುಂಪು ಐಪಿ ಆಜ್ಞೆಯಿಂದ ಐದು ನಿಮಿಷಗಳ ಅಂತರದಲ್ಲಿ ಎರಡು ಓದುಗಳನ್ನು ತೆಗೆದು ವೇಗವನ್ನು ಲೆಕ್ಕಹಾಕಲಿ. ಇನ್ನೊಂದು ಗುಂಪು ಅದೇ ವೇಳೆ ಎನ್‌ಲೋಡಿನ ಸರಾಸರಿಯನ್ನು ಬರೆದುಕೊಳ್ಳಲಿ. ಎರಡೂ ಹತ್ತಿರ ಬಂದರೆ ಲೆಕ್ಕ ಸರಿ. ಎಂಟು ಪಟ್ಟು ವ್ಯತ್ಯಾಸ ಬಂದರೆ ತಪ್ಪು ಎಲ್ಲಿದೆ ಎಂದು ಮಕ್ಕಳೇ ಕಂಡುಹಿಡಿಯುವರು. ಗಣಿತದ ದರ, ಸರಾಸರಿ, ಏಕಮಾನ ಪರಿವರ್ತನೆ ಎಂಬ ಪಾಠಗಳಿಗೆ ಇದು ಜೀವಂತ ಉದಾಹರಣೆ. ಕೊನೆಯಲ್ಲಿ ತಾವು ಕಂಡದ್ದನ್ನು ಹತ್ತು ವಾಕ್ಯಗಳ ಕನ್ನಡ ವರದಿಯಾಗಿ ಬರೆಯಲು ಹೇಳಿ. ಯಂತ್ರದ ಆಜ್ಞೆ ಇಂಗ್ಲಿಷಿನಲ್ಲಿದ್ದರೂ ಅದರ ಅರ್ಥವನ್ನು ಕನ್ನಡದಲ್ಲಿ ನಿಖರವಾಗಿ ಹೇಳಬಲ್ಲೆವೆಂಬ ಧೈರ್ಯ ಮಕ್ಕಳಿಗೆ ಇಂಥ ಬರಹದಿಂದ ಬರುತ್ತದೆ.

ಉಪಸಂಹಾರ

ಐದು ಆಜ್ಞೆಗಳನ್ನೂ ಒಮ್ಮೆಗೇ ಕಲಿಯಬೇಕೆಂದಿಲ್ಲ. ಈ ವಾರ ಐಪಿ, ಬರುವ ವಾರ ನೆಟ್‌ಹಾಗ್ಸ್ ಎಂದು ಒಂದೊಂದಾಗಿ ರೂಢಿಸಿಕೊಳ್ಳಿ. ವಿಎನ್‌ಸ್ಟ್ಯಾಟನ್ನು ಮಾತ್ರ ಸಂಯೋಜಕರ ಒಪ್ಪಿಗೆ ಪಡೆದು ಇಂದೇ ಅಳವಡಿಸಿಡಿ. ಮುಂದೆ "ನೆಟ್ ನಿಧಾನ" ಎಂಬ ಮಾತು ಬಾಯಿಗೆ ಬಂದಾಗ ಮೊದಲು ಅಳೆಯಿರಿ, ಅನಂತರ ದೂರಿರಿ. ಅಳೆದ ಮೇಲೆ ಹಲವು ವೇಳೆ ದೂರುವ ಅಗತ್ಯವೇ ಉಳಿಯುವುದಿಲ್ಲ. ಉಳಿದಾಗ ನಮ್ಮ ಮಾತಿಗೆ ತೂಕವಿರುತ್ತದೆ.